ಹಳ್ಳ ದಾಟುವ ಜೀಪು

ರಾಜಾಜಿನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಸೈಟಿಗೆ ನೆಟ್ಟ ಗುರುತುಕಲ್ಲುಗಳೇ ಹೆಚ್ಚು. ನನ್ನ ಗಂಡ ಅಲ್ಲಿ ಮನೆ ಕಟ್ಟಿಸಿಕೊಡುವ ಕಂಟ್ರಾಕ್ಟರು. ಬೆಳಗಾದರೆ ಸೈಕಲ್ ಹತ್ತಿ ಹೊರಟವರು ಸಂಜೆ ಮೊಣಕಾಲಿನವರೆಗೆ ಕೆಂಪು ಧೂಳಾಗಿ ಬರುತ್ತಿದ್ದರು. ಕೆಲಸ ಹೆಚ್ಚಿದ ಮೇಲೆ ಒಂದು ಗಾಡಿ ಕೊಳ್ಳುವ ಮಾತು ಮನೆಯಲ್ಲಿ ಎದ್ದಿತು.

ಎರಡು ಗಾಡಿ ನೋಡಿಟ್ಟಿದ್ದರು. ಒಂದು, ವಕೀಲರೊಬ್ಬರು ಮಾರಲಿಟ್ಟಿದ್ದ ಪುಟ್ಟ ವಿಲಾಯಿತಿ ಕಾರು. ಇನ್ನೊಂದು, ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಜೀಪು. ಅದು ಹಲವರ ಕೈ ದಾಟಿ ಮಾಗಡಿ ರಸ್ತೆಯ ಒಂದು ಗ್ಯಾರೇಜಿನಲ್ಲಿ ನಿಂತಿತ್ತು.

ಮಾವನವರದು ಕಾರಿನ ಪಕ್ಷ. "ಒಂದು ಗ್ಯಾಲನ್ ಹಾಕಿದ್ರೆ ವಾರವೆಲ್ಲಾ ಓಡತ್ತಂತೆ ಕಣೋ. ಆ ಜೀಪು ಕಟ್ಟಿಕೊಂಡ್ರೆ ಆನೆ ಸಾಕಿದ ಹಾಗೆ."

"ಮಳೇಲಿ ಸೈಟಿಗೆ ಇಳಿದ್ರೆ ಕಾರು ಹೂತ್ಕೊಂಡು ಕೂರತ್ತೆ ಅಪ್ಪ," ಎನ್ನುತ್ತಿದ್ದರು ಇವರು.

ವಾರಗಟ್ಟಲೆ ಇದೇ ಮಾತು. ಒಂದು ದಿನ ಊಟಕ್ಕೆ ಕೂತಿದ್ದ ಇವರು ನನ್ನತ್ತ ತಲೆಯೆತ್ತಿ, "ನೀನೇನಂತೀಯೇ?" ಎಂದರು. ಮದುವೆಯಾದಂದಿನಿಂದ ನನ್ನನ್ನು ಹಾಗೆ ಏನನ್ನಾದರೂ ಕೇಳಿದ್ದು ಅದೇ ಮೊದಲು.

ನನ್ನ ತವರು ಕೆಂಗೇರಿಯಿಂದ ಆಚೆ. ಬಸ್ಸು ಕೆಂಗೇರಿಯವರೆಗೆ, ಅಲ್ಲಿಂದ ನಡಿಗೆ, ನಡುವೆ ಒಂದು ಹಳ್ಳ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಅವ್ವ ಅತ್ತ, ನಾನು ಇತ್ತ.

"ನಮ್ಮೂರ ಹಳ್ಳ ಯಾವುದು ದಾಟತ್ತೆ?" ಎಂದೆ.

"ಜೀಪು ದಾಟತ್ತೆ. ಕಾರು ನೀರಿಗೆ ಇಳಿಯಲ್ಲ."

"ಹಾಗಾದ್ರೆ ಜೀಪೇ ತಗೊಳ್ಳಿ."

ಇವರು ನಕ್ಕರು. "ಆಯ್ತು ಬಿಡು. ತಿಂಗಳಿಗೊಂದ್ಸಲ ನಿಮ್ಮವ್ವನ್ನ ನೋಡ್ಕೊಂಡು ಬರೋಣ."

ಜೀಪು ಬಂತು. ಪೆಟ್ರೋಲು ಟ್ಯಾಂಕು ಡ್ರೈವರ್ ಸೀಟಿನ ಕೆಳಗೇ ಇತ್ತು. ನಾನು ಊರಿನ ಮಾತೆತ್ತಿದಾಗಲೆಲ್ಲ ಇವರು ಸೀಟು ಎತ್ತಿ, ಪೆಟ್ರೋಲು ಅಳೆಯುವ ಬಿದಿರುಕಡ್ಡಿ ಇಳಿಸಿ, ಒದ್ದೆಯಾದ ತುದಿಯನ್ನು ನನ್ನ ಮುಖದ ಮುಂದೆ ಹಿಡಿಯುತ್ತಿದ್ದರು. "ನೋಡು, ಎಲ್ಲಿದೆ? ಹಳ್ಳ ಇಳಿಸಬೇಕಾದ್ರೆ ನಾಲ್ಕೂ ಚಕ್ರಾನ ಎಂಜಿನ್ ಎಳೀಬೇಕು. ಎರಡರಷ್ಟು ಕುಡಿಯತ್ತೆ." ಮನೆ ಕಟ್ಟಿಸಲು ಬಂದ ದೊಡ್ಡ ಮನುಷ್ಯರನ್ನು ಭಾನುವಾರ ಗುಡ್ಡ ತೋರಿಸಲು ಕರೆದೊಯ್ಯುವಾಗ ಮಾತ್ರ ಆ ಕಡ್ಡಿ ಹೊರಗೆ ಬರುತ್ತಿರಲಿಲ್ಲ. ಅಷ್ಟರಲ್ಲಿ ಅವ್ವನಿಗೆ ಮೊಣಕಾಲು ಹಿಡಿದು, ಅವಳು ಕೆಂಗೇರಿಯವರೆಗೂ ಬರಲಾರದವಳಾದಳು. ನಾನು ಮೊದಲಿನಂತೆಯೇ ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಬಸ್ಸು ಹತ್ತಿದೆ, ನಡೆದೆ.

ದೀಪಾವಳಿಗೆ ಮುಂಚೆ ತಮ್ಮ ನಮ್ಮನ್ನು ಕರೆಯಲು ಬಂದ. ಆ ವರ್ಷ ನಗರದ ತುಂಬಾ ಕಟ್ಟಡ ಎದ್ದು ಇಟ್ಟಿಗೆಗೆ ಹಾಹಾಕಾರ. ಇವರು ಅದನ್ನೇ ಹೇಳಿಕೊಂಡು ಗೊಣಗುತ್ತಿದ್ದಾಗ ತಮ್ಮ ಮಾತಿಗೆ ಮಾತು ಸೇರಿಸಿದ: "ನಮ್ಮ ಕೆರೆ ಕೆಳಗಿನ ಹೊಲದ ಮಣ್ಣು ಭಾಳ ಅಂಟು ಭಾವ. ಕುಂಬಾರರು ಬಂದು ಕೇಳ್ಕೊಂಡು ತಗೊಂಡ್ಹೋಗ್ತಾರೆ."

ಇವರ ಕೈಯ ಕಾಫಿ ಲೋಟ ಅಲ್ಲೇ ನಿಂತಿತು. "ಯಾವ ಹೊಲ?"

ಮಾರನೆಯ ದಿನ, "ಸೀರೆ ಬದಲಾಯಿಸ್ಕೊ, ನಿಮ್ಮೂರಿಗೆ ಹೋಗೋಣ," ಎಂದರು. ಕಡ್ಡಿಯ ಸುದ್ದಿಯೇ ಇಲ್ಲ. ಜೀಪಿನ ಹಿಂದೆ ತಮ್ಮನ ಪಕ್ಕದಲ್ಲಿ ಹೆಗಲ ಮೇಲೆ ಟವೆಲ್ ಹಾಕಿದ ಅಪರಿಚಿತರೊಬ್ಬರು ಕೂತಿದ್ದರು. ಯಾರೆಂದು ಕೇಳುವಷ್ಟು ವ್ಯವಧಾನ ನನಗಿರಲಿಲ್ಲ. ಜೀಪು ಹಳ್ಳಕ್ಕೆ ಇಳಿಯಿತು. ನೀರು ಎರಡೂ ಕಡೆ ಚಿಮ್ಮಿತು. ಮಗಳು ಕಿರುಚಿ ನಕ್ಕಳು. ನಾನೂ ನಕ್ಕೆ. ಅವ್ವ ಕುಂಟುತ್ತಾ ಬಂದು ಜೀಪಿಗೆ ಆರತಿ ಎತ್ತಿ, ಅದರ ಮೂತಿಗೆ ಕುಂಕುಮ ಇಟ್ಟಳು.

ಇವರು ಒಳಗೆ ಬರಲೇ ಇಲ್ಲ. ತಮ್ಮನನ್ನು ಮುಂದೆ ಕೂರಿಸಿಕೊಂಡು ಜೀಪನ್ನು ಕೆರೆಯ ಕಡೆ ತಿರುಗಿಸಿದರು. ಅದು ಬದುವನ್ನು ಹತ್ತಿ, ಕೊಯ್ಲಿಗೆ ಬಂದಿದ್ದ ರಾಗಿಯ ಮೇಲೇ ಇಳಿಯಿತು. ನಾನೂ ಅವ್ವನೂ ಹಿಂದೆ ಹೋದೆವು. ಟವೆಲ್ಲಿನವರು ಮಣ್ಣು ಅಗೆದು, ನೀರು ಕಲಸಿ, ಅಂಗೈಯಲ್ಲಿ ಹೊಸೆದರು. ಅದು ಬತ್ತಿಯಂತೆ ಉದ್ದವಾಯಿತು, ತುಂಡಾಗಲಿಲ್ಲ. ಅವರು ಇವರತ್ತ ನೋಡಿ ತಲೆಯಾಡಿಸಿದರು. ಅವರು ಇಟ್ಟಿಗೆ ಗೂಡಿನವರೆಂದು ನನಗೆ ಗೊತ್ತಾದದ್ದು ಆಗ.

"ಮೇಲಿನ ಮಣ್ಣು ಮಾತ್ರ ತೆಗೀತಾರಂತೆ ಅಕ್ಕ," ಎಂದ ತಮ್ಮ, ಆಗಲೇ ಒಪ್ಪಿದ್ದವನಂತೆ. "ಆಮೇಲೆ ಹೊಲ ನಾವೇ ಉತ್ತುಕೋಬಹುದು. ಭಾವನೇ ಹೇಳಿದ್ಮೇಲೆ ಇನ್ನೇನು?"

"ಮಣ್ಣು ಹೋದ್ಮೇಲೆ ಉಳೋದು ಏನನ್ಲಾ?" ಎಂದಳು ಅವ್ವ. ಇವರು ಆಗಲೇ ಹೆಜ್ಜೆಯಲ್ಲಿ ಹೊಲ ಅಳೆಯುತ್ತಿದ್ದರು. ಅವಳು ನನ್ನ ಕಡೆ ತಿರುಗಿದಳು. "ಇದಕ್ಕೇನವ್ವ ಇವರನ್ನ ಕರ್ಕೊಂಡು ಬಂದಿದ್ದು?"

ನನಗೇನೂ ಗೊತ್ತಿರಲಿಲ್ಲವೆಂದು ಆಮೇಲೆ ಎಷ್ಟು ಸಲ ಹೇಳಿದೆನೋ. ಅವ್ವ ಹೂಂಗುಟ್ಟುತ್ತಿದ್ದಳು, ಅಷ್ಟೆ.

ಅಂದಿನಿಂದ ಜೀಪು ವಾರ ತಪ್ಪದೆ ಹಳ್ಳ ದಾಟಿತು. ನಾನು ಬರುತ್ತೇನೆಂದರೆ, "ಹಿಂದೆ ಸಾಮಾನಿದೆ, ಜಾಗ ಎಲ್ಲಿ?" ಎನ್ನುತ್ತಿದ್ದರು. ಒಂದು ದಿನ ನಾನೂ ಬಿಡಲಿಲ್ಲ. "ಇದಕ್ಕೆಲ್ಲಾ ಪೆಟ್ರೋಲ್ ಇದೆ. ನನಗೆ ಯಾಕಿರಲಿಲ್ಲ?"

"ಇದು ಕೆಲಸ ಕಣೇ," ಎಂದರು ಇವರು, ಮಗುವಿಗೆ ಹೇಳುವಂತೆ.

ಹೊಲದ ಪಕ್ಕದಲ್ಲೇ ಗೂಡು ಎದ್ದಿತು, ಹೊಲ ಆಳುದ್ದದ ಗುಂಡಿಯಾಯಿತು. ರಾಗಿ ನಿಂತಿದ್ದಲ್ಲಿ ಹಸಿರು ನೀರು ನಿಂತಿತು. ಇಟ್ಟಿಗೆ ಸಾಗಿಸಲು ಲಾರಿ ಬರಬೇಕಲ್ಲ. ಲಾರಿ ಹಳ್ಳ ಇಳಿಯುವುದಿಲ್ಲವೆಂದು ಗೂಡಿನವರೇ ಮೋರಿ ಕಟ್ಟಿಸಿ, ಜಲ್ಲಿ ಸುರಿದು ದಾರಿ ಮಾಡಿದರು. ತಮ್ಮ ಆ ಗೂಡಿನಲ್ಲೇ ಕೂಲಿಯವರನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ತನ್ನ ಕಣದಲ್ಲಿ ರಾಗಿ ಒಕ್ಕಿಸುತ್ತಿದ್ದವನು ಈಗ ಇನ್ನೊಬ್ಬರ ಶಿಳ್ಳೆಗೆ ಏಳುತ್ತಿದ್ದ.

ದಾರಿ ಆದ ಮೇಲೆ ಜೀಪಿನ ಕೆಲಸ ಮುಗಿಯಿತು. ಅದನ್ನು ಮಾರಿ ಒಂದು ಚಿಕ್ಕ ಕಾರು ತಂದರು. ಮಾವನವರು ಅದರ ಸುತ್ತ ಓಡಾಡಿ, "ನಾನು ಆವತ್ತೇ ಹೇಳಿರಲಿಲ್ವಾ?" ಎಂದು ಮನೆಮಂದಿಗೆಲ್ಲಾ ಹೇಳಿದರು.

"ಈಗ ಕಾರಲ್ಲೇ ಹೋಗಬಹುದು. ಖರ್ಚೂ ಇಲ್ಲ," ಎಂದರು ಇವರು. "ಬಾ, ನಿಮ್ಮವ್ವನ್ನ ನೋಡ್ಕೊಂಡು ಬರೋಣ."

"ನೀವು ಹೋಗಿ ಬನ್ನಿ," ಎಂದೆ. ಅವರಿಗೆ ಅರ್ಥವಾಗಲಿಲ್ಲ, ಅರ್ಥ ಮಾಡಿಸುವ ಮನಸ್ಸೂ ನನಗಿರಲಿಲ್ಲ.

ಆ ವಾರವೇ ಬಸ್ಸಿನಲ್ಲಿ ಹೋದೆ. ಕೆಂಗೇರಿಯಿಂದ ನಡೆಯುವಾಗ ಇಟ್ಟಿಗೆ ಲಾರಿಗಳು ಪಕ್ಕದಲ್ಲೇ ಹೋಗಿ, ನಾನೂ ಮಗಳೂ ತಲೆಯಿಂದ ಕಾಲಿನವರೆಗೆ ಧೂಳಾದೆವು. ಅವ್ವ ಜಗಲಿಯ ಮೇಲೆ ಗೂಡಿನ ಹೊಗೆಗೆ ಬೆನ್ನು ಹಾಕಿ ಕೂತಿದ್ದಳು. ಎದ್ದು ಕಾಲಿಗೆ ನೀರು ಕೊಟ್ಟಳು, ಮೊಮ್ಮಗಳ ಮುಖ ಒರೆಸಿದಳು. ಹೇಗೆ ಬಂದೆ ಎಂದು ನನ್ನನ್ನು ಕೇಳಲಿಲ್ಲ.