ಐಸ್ ಡಬ್ಬಿ ಮತ್ತು ಹುಳದ ಮೊಟ್ಟೆ

ಮಗುವಾಗಲೆಂದು ಡಾಕ್ಟರು ಹಾರ್ಮೋನ್ ಇಂಜೆಕ್ಷನ್ ಬರೆದುಕೊಟ್ಟಿದ್ದು ಹೆಂಡತಿಗಲ್ಲ, ನನಗೆ. ಅದನ್ನು ಐಸ್ ಡಬ್ಬಿಯಲ್ಲಿಟ್ಟುಕೊಂಡು ಚಿಕ್ಕಬಳ್ಳಾಪುರದಲ್ಲಿ ಶಿಡ್ಲಘಟ್ಟದ ಬಸ್ಸು ಹತ್ತಿದೆ. ಯಾರಾದರೂ ಕೇಳಿದರೆ ಏನು ಹೇಳಲಿ ಅನ್ನುವ ಭಯ ಇದ್ದೇ ಇತ್ತು. ಪಕ್ಕದಲ್ಲಿ ಕೂತ ಅಜ್ಜಿ ಕೇಳಿಯೇಬಿಟ್ಟರು.

"ಏನಪ್ಪಾ ಅದು, ಹುಳದ ಮೊಟ್ಟೆನಾ?"

ನಮ್ಮ ಕಡೆ ರೇಷ್ಮೆ ಸಾಕುವವರು ಮೊಟ್ಟೆಯನ್ನು ಹೀಗೇ ತಂಪಾಗಿಟ್ಟುಕೊಂಡು ಒಯ್ಯುತ್ತಾರೆ. ಬದುಕಿದೆಯಾ ಬಡಜೀವವೇ ಅಂದುಕೊಂಡು, "ಹೂನಜ್ಜಿ" ಅಂದೆ.

"ಮತ್ತೆ ಬಿಸ್ಲಲ್ಲಿಟ್ಕೊಂಡು ಕೂತಿದ್ದೀಯಲ್ಲಪ್ಪಾ, ಕೆಟ್ಟೋಗ್ತವೆ!" ಎಂದು ಗದರಿ, ನನ್ನನ್ನು ಎಬ್ಬಿಸಿ ಕಿಟಕಿ ಕಡೆ ತಾವು ಕೂತರು. ಡಬ್ಬಿಗೆ ತಮ್ಮ ಸೆರಗು ಹೊದಿಸಿದರು. ನಾನು ಇಳಿಯುವಾಗ, "ಈ ಸಲ ನಿನ್ ಬೆಳೆ ಚೆನ್ನಾಗಾಗುತ್ತೆ, ಹೋಗಪ್ಪಾ" ಅಂದರು.

ಇಷ್ಟು ವರ್ಷ ಹರಸಿದವರೆಲ್ಲ ಹೆಂಡತಿಯ ತಲೆ ಮೇಲೇ ಕೈಯಿಡುತ್ತಿದ್ದರು. ಸರಿಯಾದ ಆಸಾಮಿಯನ್ನು ಹರಸಿದ್ದು ಈ ಅಜ್ಜಿ ಒಬ್ಬರೇ.