ನನ್ನ ಹೆಸರಲ್ಲಿ ಒತ್ತಿದ ‘ವೈ’

ನಿವೃತ್ತಿಗೆ ಒಂದು ವರ್ಷ ಬಾಕಿ ಇದ್ದಾಗ ನಾನು ಶಿರಸಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬಿನ ಉಸ್ತುವಾರಿಯಾಗಿದ್ದೆ. ಲ್ಯಾಬಿನಲ್ಲಿ ಇದ್ದದ್ದೆಲ್ಲ ಲಿನಕ್ಸ್. ಕಿಟಕಿ ಪಕ್ಕದ ಒಂದು ಯಂತ್ರವನ್ನು ಮಾತ್ರ ಮಂಚಿಕೇರಿಯ ನಾಗವೇಣಿಗೆಂದು ಬೇರೆಯಾಗಿ ಸಿದ್ಧಮಾಡಿದ್ದೆ. ಅವಳಿಗೆ ಹುಟ್ಟಿನಿಂದ ಕಣ್ಣು ಕಾಣದು. ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಆ ಯಂತ್ರದಲ್ಲಿತ್ತು. ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತರೆ ಕಣ್ಣಿದ್ದವರಿಗಿಂತ ಬೇಗ ಪ್ರೋಗ್ರಾಂ ಬರೆಯುತ್ತಿದ್ದಳು. ಅಂತಿಮ ವರ್ಷದ ಪ್ರಾಯೋಗಿಕ ಪರೀಕ್ಷೆಯನ್ನು ಯಾರ ಕೈಯಿಂದಲೂ ಬರೆಸದೆ ತಾನೇ ಮಾಡುತ್ತೇನೆಂದು ಹಟ ಹಿಡಿದಿದ್ದಳು. ಆ ಹಟಕ್ಕೆ ನೀರೆರೆದವನೂ ನಾನೇ.

ಲಿನಕ್ಸಿನಲ್ಲಿ ತಂತ್ರಾಂಶ ಒಂಟಿಯಾಗಿ ಬರುವುದಿಲ್ಲ. ಹಲವು ತಂತ್ರಾಂಶಗಳು ಹಂಚಿಕೊಂಡು ಬಳಸುವ ಲೈಬ್ರರಿಗಳೆಂಬ ಸಿದ್ಧ ತುಣುಕುಗಳಿರುತ್ತವೆ. ಈ ಅವಲಂಬನೆಗೆ ಡಿಪೆಂಡೆನ್ಸಿ ಎನ್ನುತ್ತೇವೆ. ಬೇಕಾದವನ್ನು ಹುಡುಕಿ ತರುವುದು ಪ್ಯಾಕೇಜ್ ಮ್ಯಾನೇಜರಿನ ಕೆಲಸ. ಒಂದಕ್ಕೆ ಲೈಬ್ರರಿಯ ಹಳೆಯ ಆವೃತ್ತಿ, ಇನ್ನೊಂದಕ್ಕೆ ಹೊಸದು ಬೇಕಾದರೆ ಇಬ್ಬರು ಅಡುಗೆಯವರು ಒಂದೇ ಹಂಡೆಗೆ ಕೈಹಾಕಿದ ಹಾಗೆ. ಆಗ ಪ್ಯಾಕೇಜ್ ಮ್ಯಾನೇಜರ್, ‘ಇಂಥಿಂಥವನ್ನು ತೆಗೆದುಹಾಕುತ್ತೇನೆ’ ಎಂದು ಪಟ್ಟಿ ತೋರಿಸಿ ಒಪ್ಪಿಗೆ ಕೇಳುತ್ತದೆ. ವೈ ಒತ್ತಿದರೆ ಹೌದು, ಎನ್ ಒತ್ತಿದರೆ ಬೇಡ. ಲ್ಯಾಬಿನಲ್ಲಿ ಹೀಗೆ ಹಾಕಿ ತೆಗೆಯುವ ಅಧಿಕಾರ ಇದ್ದದ್ದು ನನ್ನ ಖಾತೆಗೆ ಮಾತ್ರ.

ಸಿದ್ದಾಪುರದ ಗಣಪತಿ ನನ್ನ ಸಹೋದ್ಯೋಗಿ. ವರ್ಷಗಟ್ಟಲೆ ಒಂದೇ ಡಬ್ಬಿಯಲ್ಲಿ ಊಟ ಹಂಚಿಕೊಂಡವರು ನಾವು. ಅವನಿಗೆ ತಾಳಮದ್ದಳೆಯ ಹುಚ್ಚು. ಕೂಟಗಳನ್ನು ರೆಕಾರ್ಡ್ ಮಾಡಿ, ಕತ್ತರಿಸಿ, ಜೋಡಿಸಿ ಎಲ್ಲರಿಗೂ ಕಳಿಸುತ್ತಿದ್ದ. ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ, ನಾನು ಸಭೆಗೆ ಹೊರಟಿದ್ದಾಗ ಅಡ್ಡ ಬಂದ.

“ಮಾರಾಯ, ನಿನ್ ಪಾಸ್‌ವರ್ಡ್ ಹೇಳು. ಒಂದು ಸಣ್ಣ ಕೆಲ್ಸ ಇದ್ದು.”

ಸ್ನೇಹಿತನಿಗೆ ಇಲ್ಲ ಎನ್ನಲು ನಮ್ಮ ಕಡೆಯವರಿಗೆ ಬಾಯಿ ಬರುವುದಿಲ್ಲ. ಹೇಳಿಬಿಟ್ಟೆ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎಂಬ ಗಾದೆ ಗೊತ್ತಿದ್ದೂ ಹೇಳಿದೆ. ಸಂಜೆ ವಿಚಾರಿಸಿದರೆ, “ಎಂತದೂ ಇಲ್ಲೆ, ಮೊದ್ಲು ಇದ್ದ ಹಾಂಗೇ ಇದ್ದು” ಎಂದ. ನಂಬಿ ಮನೆಗೆ ಹೋದೆ.

ಬೆಳಿಗ್ಗೆ ನಾಗವೇಣಿ ಇಯರ್‌ಫೋನ್ ಹಾಕಿಕೊಂಡು ಕೀಲಿಗಳನ್ನು ಒತ್ತಿದಳು, ಮತ್ತೆ ಒತ್ತಿದಳು. “ಸರ್, ಇದು ಮಾತಾಡ್ತಾ ಇಲ್ಲ.”

ನೋಡಿದರೆ ಸ್ಕ್ರೀನ್ ರೀಡರೇ ಇಲ್ಲ. ಪರೀಕ್ಷೆಯ ನಿಯಮದಂತೆ ಇಂಟರ್ನೆಟ್ ಕಡಿತವಾಗಿತ್ತು. ನನ್ನ ಪೆನ್‌ಡ್ರೈವಿನಲ್ಲಿ ಅದರ ಪ್ಯಾಕೇಜ್ ಇತ್ತು, ಆದರೆ ಹಾಕಹೋದರೆ ಒಂದು ಲೈಬ್ರರಿ ಬೇಕೆಂದಿತು. ಆ ಲೈಬ್ರರಿ ನನ್ನಲ್ಲಿರಲಿಲ್ಲ. ಹೊರಗಿನಿಂದ ಬಂದ ಪರೀಕ್ಷಕರು ಕಾದಷ್ಟು ಕಾದು, ಬರೆಯಲು ಆಫೀಸಿನ ಗುಮಾಸ್ತೆಯೊಬ್ಬರನ್ನು ಕೂರಿಸಿದರು. ಪಾಪ, ಆಕೆಗೆ ಪ್ರೋಗ್ರಾಮಿನ ಗಂಧಗಾಳಿ ಇಲ್ಲ. ನಾಗವೇಣಿ ಒಂದೊಂದು ಬ್ರಾಕೆಟ್ಟನ್ನೂ ಬಾಯಲ್ಲಿ ಹೇಳಬೇಕಾಯಿತು. ಎರಡನೆಯ ಪ್ರಶ್ನೆ ಮುಗಿಯುವ ಮೊದಲೇ ಗಂಟೆ ಹೊಡೆಯಿತು.

ಮಧ್ಯಾಹ್ನ ಲಾಗ್ ತೆರೆದೆ. ಪ್ಯಾಕೇಜ್ ಮ್ಯಾನೇಜರ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಕಡತ ಅದು. ಹಾಕಿದ್ದು: ಆಡಿಯೋ ಕತ್ತರಿಸುವ ತಂತ್ರಾಂಶ. ತೆಗೆದದ್ದು: ಧ್ವನಿಯ ಪ್ಯಾಕೇಜ್, ಸ್ಕ್ರೀನ್ ರೀಡರ್. ಆದೇಶಿಸಿದವರು ಎಂಬಲ್ಲಿ ನನ್ನ ಹೆಸರು. ಒಳ್ಳೆಯ ಸ್ಪೀಕರ್ ಇದ್ದದ್ದು ಆ ಯಂತ್ರಕ್ಕೇ, ಅದಕ್ಕೇ ಮಹಾರಾಯ ಗಣಪತಿ ಅಲ್ಲಿ ಕೂತು, ಪಟ್ಟಿ ಓದದೆ ವೈ ಒತ್ತಿದ್ದ.

ಹಾವೇರಿ ಕಡೆಯ ನಮ್ಮ ಪ್ರಾಂಶುಪಾಲರು ಇಬ್ಬರನ್ನೂ ಕರೆಸಿ ಲಾಗಿನ ಪ್ರತಿ ತೋರಿಸಿದರು. “ಇದ್ರಾಗ ನಿಮ್ಮ ಹೆಸರೇ ಐತಲ್ರಿ?”

ನಾನು ಗಣಪತಿಯ ಮುಖ ನೋಡಿದೆ. ಈಗ ಹೇಳುತ್ತಾನೆ ಎಂದುಕೊಂಡೆ. ಅವನು ಚಹಾ ಲೋಟ ಕೆಳಗಿಟ್ಟು, “ಯಂತ್ರ ಸುಳ್ಳು ಹೇಳೋದಿಲ್ಲ ಸರ್” ಎಂದ.

ನಾನು ಆದದ್ದನ್ನು ಹೇಳಿದೆ, ಗಂಟಲು ಹರಿಯುವಷ್ಟು ಹೇಳಿದೆ. ಹಾಗಾದರೆ ಪಾಸ್‌ವರ್ಡ್ ಕೊಟ್ಟಿದ್ದೇಕೆ ಎಂದರು. ಲಿಖಿತ ಎಚ್ಚರಿಕೆ ನನಗೆ ಬಂತು.

ಆ ಕೆಲಸ ನನಗೆ ಕಲಿಸಿದ್ದಿಷ್ಟು: ಲಾಗ್ ಖಾತೆಯ ಹೆಸರನ್ನು ಬರೆಯುತ್ತದೆ, ಕೀಲಿ ಒತ್ತಿದವನು ಯಾರೆಂದು ಅದಕ್ಕೆ ಗೊತ್ತಿಲ್ಲ. ನಿಮ್ಮ ಪಾಸ್‌ವರ್ಡನ್ನು ಎಷ್ಟೇ ಹತ್ತಿರದವರಿಗೂ ಕೊಡಬೇಡಿ. ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ.

ಮೂರನೆಯ ದಿನ ಬಸ್ ಸ್ಟ್ಯಾಂಡಿನಲ್ಲಿ, ಯಲ್ಲಾಪುರದ ಬಸ್ಸಿಗೆ ಕಾಯುತ್ತಿದ್ದ ನಾಗವೇಣಿ ಸಿಕ್ಕಳು. ನಡೆದದ್ದನ್ನು ಹೇಳೋಣವೆಂದು, “ನೋಡು ತಂಗಿ, ಅದನ್ನ ತೆಗ್ದಿದ್ದು...” ಎಂದು ಶುರುಮಾಡಿದೆ.

“ಬಿಡಿ ಸರ್,” ಎಂದಳು. “ಗಣಪತಿ ಸರ್ ನಿನ್ನೆ ಬಂದಿದ್ರು. ನಿಮ್ಮ ಪರವಾಗಿ ಕ್ಷಮೆ ಕೇಳಿ ಹೋದ್ರು.”