ವಿಭೂತಿ ಡಬ್ಬಿಯ ಮಾತ್ರೆಗಳು

ನಮ್ಮ ಮನೆಯ ವಿಭೂತಿ ಡಬ್ಬಿ ಹಿತ್ತಾಳೆಯದು. ಮುಚ್ಚಳದ ಒಂದು ಮಗ್ಗುಲು ನಗ್ಗಿರುವುದರಿಂದ ತೆಗೆದಾಗಲೆಲ್ಲ ಕಿರ್ರೆಂದು ಗೊಣಗುತ್ತದೆ. ಆರು ವರ್ಷಗಳ ಹಿಂದೆ ಕೊಬ್ಬರಿ ಮೂಟೆ ಎತ್ತಲು ಹೋಗಿ ಬೆನ್ನು ಹಿಡಿಸಿಕೊಂಡ ನಮ್ಮವರು, ಯಾರೋ ವೈದ್ಯರು ಬರೆದುಕೊಟ್ಟ ನೋವಿನ ಮಾತ್ರೆಗಳನ್ನು ಅದರೊಳಗೇ ಇಡತೊಡಗಿದರು. ಲಿಂಗಪೂಜೆ, ಹಣೆಗೆ ವಿಭೂತಿ, ಬಾಯಿಗೆ ಮಾತ್ರೆ, ಆಮೇಲೆ ತಿಂಡಿ. ಒಂದಿದ್ದದ್ದು ಮೂರಾಯಿತು. ದೇವರ ಗೂಡಿನಲ್ಲಿರುವುದನ್ನು ಯಾರು ಪ್ರಶ್ನಿಸುತ್ತಾರೆ, ಹೇಳಿ?

ಹಾಗಾಗಿ ಸೊಂಟದ ಶಸ್ತ್ರಚಿಕಿತ್ಸೆಗೆ ಹಾಸನಕ್ಕೆ ಹೋದಾಗ, "ದಿನಾ ಏನಾದ್ರೂ ಮಾತ್ರೆ ತಗೊಳ್ತೀರಾ?" ಎಂದು ವೈದ್ಯೆ ಕೇಳಿದರೆ ನಮ್ಮವರು ಇಲ್ಲವೆಂದರು. ಬಿಪಿ, ಸಕ್ಕರೆಯ ಮಾತ್ರೆಗಳಷ್ಟೇ ಮಾತ್ರೆಗಳೆಂದುಕೊಂಡಿದ್ದ ನಾನೂ ಅವರು ಹೇಳಿದ್ದೇ ಸರಿಯೆಂಬಂತೆ ತಲೆಯಾಡಿಸಿದೆ. ಸುಳ್ಳು ಹೇಳಿದೆನೆ? ಈಗಲೂ ತಿಳಿಯದು.

ಶಸ್ತ್ರಚಿಕಿತ್ಸೆಯಾದ ಮಾರನೆಯ ಬೆಳಿಗ್ಗೆ, ಮೂಟೆ ಹೊತ್ತಾಗಲೂ ಮುಖ ಕಿವುಚದ ಆ ಮನುಷ್ಯ ಬೆವೆತು, ನಡುಗಿ, ಮಂಚದ ಕಂಬಿ ಹಿಡಿದು ನರಳುತ್ತಿದ್ದರು. "ಎಲ್ರಿಗೂ ಇಷ್ಟು ಇಂಜೆಕ್ಷನ್ ಸಾಕಾಗುತ್ತೆ, ತಡ್ಕೊಳ್ಳಿ ಯಜಮಾನ್ರೇ," ಎಂದು ನರ್ಸ್ ಅತ್ತ ಹೋದೊಡನೆ ಇವರು ಪಿಸುಗುಟ್ಟಿದರು: "ಡಬ್ಬಿ ಎಲ್ಲೈತೆ? ಮಾತ್ರೆ ಕೊಡು. ಯಾರ್ಗೂ ಹೇಳ್ಬ್ಯಾಡ ಕಣೇ, ಮಾನ ಹೋಯ್ತದೆ."

ಪೂಜೆಗೆಂದು ತಂದ ಡಬ್ಬಿ ನನ್ನ ಮಡಿಲಲ್ಲೇ ಇತ್ತು. ಕದ್ದು ಕೊಟ್ಟರೆ ಇಂಜೆಕ್ಷನ್ನಿನೊಡನೆ ಸೇರಿ ಜೀವಕ್ಕೇ ಸಂಚಕಾರ ಬಂದೀತು. ಕೊಡದಿದ್ದರೆ ಈ ನರಳಾಟ. ಹೇಳಿದರೆ, ಮಠದ ಪಂಕ್ತಿಯಲ್ಲಿ ಮೊದಲ ಎಲೆಗೆ ಕೂರುವವರು ಚಟದವರೆನಿಸಿಕೊಳ್ಳುತ್ತಾರೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನಾನು ಡಬ್ಬಿಯನ್ನು ವೈದ್ಯೆಯ ಕೈಗಿಟ್ಟೆ.

ಆಕೆ ಗದರಲಿಲ್ಲ. "ಇದು ಅಫೀಮಿನ ಜಾತಿಯ ಮಾತ್ರೆ ಕಣಮ್ಮ. ಇದಕ್ಕೆ ಒಗ್ಗಿದ ಮೈಗೆ ಬೇರೆಯವರ ಅಳತೆ ಸಾಲಲ್ಲ. ದಿಢೀರ್ ನಿಲ್ಲಿಸಿದ್ದಕ್ಕೆ ಈ ನಡುಕವೂ ಬಂದಿದೆ," ಎಂದು ಪಕ್ಕದಲ್ಲೇ ನಿಂತು, ಉಸಿರಾಟ ಗಮನಿಸುತ್ತ ಔಷಧದ ಪ್ರಮಾಣ ಏರಿಸಿದರು. ಮಧ್ಯಾಹ್ನಕ್ಕೆ ನಮ್ಮವರು ಗಂಜಿ ಕುಡಿದರು. ನನ್ನ ಮುಖ ಮಾತ್ರ ನೋಡಲಿಲ್ಲ.

ಮದ್ದು ಎಲ್ಲಿ ಮುಗಿದು ಚಟ ಎಲ್ಲಿ ಶುರುವಾಗುತ್ತದೆ? ಆರು ವರ್ಷ ಆ ಕಿರ್ರೆನ್ನುವ ಸದ್ದು ಕೇಳಿಸಿಕೊಂಡೂ ಸುಮ್ಮನಿದ್ದ ನಾನು ಅವರ ನೋವನ್ನು ಕಂಡಿದ್ದೆನೆ, ಬರೀ ಪೂಜೆಯನ್ನೇ? ಯೋಚಿಸಿದಷ್ಟೂ ಗೋಜಲು.

ಅರಸೀಕೆರೆಗೆ ಮರಳಿದ ಮೇಲೆ ಮಾತ್ರೆಗಳು ಅಡುಗೆಮನೆಯ ಕಪಾಟಿಗೆ ಬಂದಿವೆ. ವೈದ್ಯೆಯ ಚೀಟಿಯಂತೆ ಒಂದೊಂದಾಗಿ ಕಡಿಮೆಯಾಗುತ್ತಿವೆ. ನಿನ್ನೆ ಪೂಜೆ ಮುಗಿಸಿದವರ ಬೆರಳು ಡಬ್ಬಿಯ ಖಾಲಿ ಮೂಲೆಯನ್ನು ತಡಕಿ ನಿಂತಿತು.

"ನೀನು ಹೇಳಿದ್ಕೇ ಉಳ್ಕೊಂಡೆ ಕಣೇ," ಎಂದರು. "ಆದ್ರೆ ನಾನು ಬ್ಯಾಡ ಅಂದಿದ್ದೆ."

ಡಬ್ಬಿಯನ್ನು ತೆರೆದೇ ಇಟ್ಟು ಎದ್ದು ಹೋದರು. ಅದು ಕ್ಷಮೆಯೋ ಶಿಕ್ಷೆಯೋ ಅರಿಯದೆ, ಆ ನಗ್ಗಿದ ಮುಚ್ಚಳ ಹಾಕಲು ನನಗಿನ್ನೂ ಕೈ ಬಂದಿಲ್ಲ.